ಅಪ್‌ಡೇಟ್: ಕೆಲಸ ಬಿಟ್ಟು ಕನ್ಸಲ್ಟೆಂಟ್ ಆಗಲಾ ಅಂತ ಕೇಳಿದ್ದೆ

8 ತಿಂಗಳ ಹಿಂದೆ ಕೇಳಿದ್ದೆ: 11 ವರ್ಷದ ಕೆಲಸ ಬಿಟ್ಟು ಸ್ವಂತವಾಗಿ ಬಿಸಿನೆಸ್ ಕನ್ಸಲ್ಟಿಂಗ್ (ವ್ಯಾಪಾರದವರ ಕೆಲಸದಲ್ಲಿ ತೊಡಕು ಎಲ್ಲಿದೆ ಅಂತ ನೋಡಿ ಸಲಹೆ ಕೊಡುವುದು) ಶುರು ಮಾಡಿದರೆ ನನಗೆ ಹೊಂದುತ್ತದಾ ಅಂತ. "ಮೊದಲು ಒಬ್ಬ ಕ್ಲೈಂಟ್ ಹಿಡಿಯಿರಿ, ಆಮೇಲೆ ರಾಜೀನಾಮೆ" ಅಂದಿದ್ದಿರಿ. ಹಾಗೇ ಮಾಡಿದೆ.

ಕೆಲಸ ಇಷ್ಟವಾಗಿದೆ, ಅದರಲ್ಲಿ ಅನುಮಾನವಿಲ್ಲ. ಮೊದಲ ಕ್ಲೈಂಟ್‌ನ ಗೋಡೌನ್‌ನಲ್ಲಿ ಎರಡು ದಿನ ಸುಮ್ನೆ ನಿಂತು ನೋಡಿದೆ. ಒಂದೇ ಆರ್ಡರನ್ನು ಮೂರು ಜನ ಮೂರು ಪುಸ್ತಕದಲ್ಲಿ ಬರೆಯುತ್ತಿದ್ದರು! ಆರ್ಡರ್ ತಡ ಆಗುತ್ತಿದ್ದದ್ದು ಅಲ್ಲೇ.

ಎಡವಿದ್ದು ಲೆಕ್ಕದಲ್ಲಿ. ಹಳೆ ಸಂಬಳವನ್ನು ತಿಂಗಳ 22 ದಿನಕ್ಕೆ ಭಾಗಿಸಿ ದಿನದ ಫೀಸ್ ಇಟ್ಟಿದ್ದೆ. ಡೈರಿ ನೋಡಿದರೆ ಬಿಲ್ ಮಾಡಿದ್ದು ತಿಂಗಳಿಗೆ 11 ದಿನ ಮಾತ್ರ. ಉಳಿದದ್ದೆಲ್ಲ ಪ್ರಪೋಸಲ್, ಫೋನು, ಲೆಕ್ಕಪತ್ರ. ಅಂದರೆ ಅರ್ಧ ಸಂಬಳಕ್ಕೆ ದುಡಿದಿದ್ದೆ. ರಜೆ, ವಿಮೆಯ ಖರ್ಚು ಬೇರೆ. ಈಗ ಫೀಸ್ ದುಪ್ಪಟ್ಟು ಮಾಡಿದ್ದೇನೆ. ಒಬ್ಬರು ಬೇಡ ಅಂದರು, ಇನ್ನೊಬ್ಬರು ಚೌಕಾಸಿ ಕೂಡ ಮಾಡಲಿಲ್ಲ.

ನಿಜ ಹೇಳಬೇಕೆಂದರೆ, ದುಡ್ಡು ಕೇಳುವುದು ನನಗೆ ಇನ್ನೂ ಕಷ್ಟ. ಬಾಕಿ ಕೇಳುವ ಮೆಸೇಜನ್ನು ನಾಲ್ಕು ಸಲ ಟೈಪ್ ಮಾಡಿ ಅಳಿಸಿದ್ದೇನೆ. "ಹೇಗೂ ಬಂದಿದ್ದೀರಲ್ಲ, ಇದನ್ನೂ ನೋಡಿಬಿಡಿ" ಅಂತ ಕ್ಲೈಂಟ್ ಅಂದರೆ ಬಾಯಿ ಕಟ್ಟುತ್ತದೆ. ಅದಕ್ಕೇ ಈಗ ಏನು ಮಾಡುತ್ತೇನೆ, ಏನು ಮಾಡಲ್ಲ ಅಂತ ಮೊದಲೇ ಬರೆದು ಸಹಿ ಹಾಕಿಸುತ್ತೇನೆ. ಮೂರನೇ ಒಂದು ಭಾಗ ಅಡ್ವಾನ್ಸ್ ತಗೊಳ್ಳುತ್ತೇನೆ.

ಸದ್ಯಕ್ಕೆ ಮುಂದುವರಿಸುತ್ತಿದ್ದೇನೆ. ಆದರೆ ಕೈತುಂಬಾ ಕೆಲಸ ಇದ್ದಾಗ ಹೊಸ ಕ್ಲೈಂಟ್ ಹುಡುಕಲಿಲ್ಲ, ಮುಂದಿನ ತಿಂಗಳು ಪೂರ್ತಿ ಖಾಲಿ. ಅದಕ್ಕೇ ಈಗ ಶುಕ್ರವಾರ ಮಧ್ಯಾಹ್ನ ಹಳೆ ಪರಿಚಯದವರಿಗೆ ಫೋನ್ ಮಾಡಲು ಕೂರುತ್ತಿದ್ದೇನೆ.