ಸ್ಪ್ಲೈಸಿಂಗ್ ಜೀನ್ ಕೆಡಿಸಿದರೆ ಕೋಶವೇ ಸಾಯುವುದಿಲ್ವಾ?

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿನಿ, ವಿರಾಜಪೇಟೆ): ಮೇಡಂ, ಜೀನ್‌ನ ಪ್ರತಿಯಾದ ಆರ್‌ಎನ್‌ಎಯಿಂದ ಬೇಡದ ತುಂಡು (ಇಂಟ್ರಾನ್) ತೆಗೆದು, ಉಳಿಯಬೇಕಾದ ತುಂಡು (ಎಕ್ಸಾನ್) ಜೋಡಿಸುವುದೇ ಸ್ಪ್ಲೈಸಿಂಗ್ ಎಂದು ಓದಿದೆ. ಇದನ್ನು ಯಾವ ಜೀನ್‌ಗಳು ನಡೆಸುತ್ತವೆ ಎಂದು ತಿಳಿಯಲು ಒಂದೊಂದೇ ಜೀನ್ ಕೆಡಿಸಿ ನೋಡುತ್ತಾರಂತೆ. ಆದರೆ ಸ್ಪ್ಲೈಸಿಂಗ್ ನಿಂತರೆ ಕೋಶ ಸಾಯುತ್ತದೆ ಅಲ್ವಾ? ಮತ್ತೆ ನೋಡುವುದು ಏನನ್ನು?

ಉತ್ತರ (ಆರ್‌ಎನ್‌ಎ ಸಂಶೋಧಕಿ, ಊರು ಮಡಿಕೇರಿ): ಸರಿಯಾದ ಜಾಗಕ್ಕೇ ಕೈ ಹಾಕಿದ್ದೀಯಮ್ಮ. ಇದಕ್ಕೆ ಮೊದಲು ದಾರಿ ತೋರಿಸಿದ್ದು ಯೀಸ್ಟ್. ಅಮೆರಿಕದ ವಿಜ್ಞಾನಿ ಲೀ ಹಾರ್ಟ್‌ವೆಲ್ ಅವರ ಲ್ಯಾಬ್ 23 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆದು, 36 ಡಿಗ್ರಿಯಲ್ಲಿ ನಿಂತುಹೋಗುವ ಯೀಸ್ಟ್‌ಗಳನ್ನು ಹುಡುಕಿತು. ತಂಪಿನಲ್ಲಿ ಬೆಳೆಸಿಟ್ಟುಕೊಳ್ಳಬಹುದು, ಬಿಸಿ ಮಾಡಿದಾಗ ಏನು ಕೆಡುತ್ತದೆ ಎಂದು ನೋಡಬಹುದು. ಅವುಗಳಲ್ಲಿ ಆರ್‌ಎನ್‌ಎ ತಯಾರಿ ಕೆಟ್ಟವಕ್ಕೆ 1970ರ ಹೊತ್ತಿಗೆ ಆರ್‌ಎನ್‌ಎ2, ಆರ್‌ಎನ್‌ಎ3 ಎಂದು ಹೆಸರಿಟ್ಟರು. ಸ್ಪ್ಲೈಸಿಂಗ್ ಗೊತ್ತಾಗಿದ್ದೇ 1977ರಲ್ಲಿ! ಆ ಜೀನ್‌ಗಳ ಕೆಲಸ ಸ್ಪ್ಲೈಸಿಂಗ್ ಎಂದು ಆಮೇಲೆ ತಿಳಿಯಿತು. ಈಗ ಅವುಗಳ ಹೆಸರು ಪಿಆರ್‌ಪಿ; ಆರ್‌ಎನ್‌ಎ2 ಈಗ ಪಿಆರ್‌ಪಿ2. ನನಗೆ ಇವತ್ತಿಗೂ ತುಂಬಾ ಇಷ್ಟವಾದ ಪ್ರಯೋಗ ಇದು.

ಮನುಷ್ಯರ ಕೋಶದಲ್ಲಿ ಈಗ ಬೇಕಾದ ಜೀನನ್ನೇ ಕತ್ತರಿಸಿ ಕೆಡಿಸುವ ಕ್ರಿಸ್ಪರ್ ವಿಧಾನ ಬಳಸುತ್ತಾರೆ. ಪ್ರೋಟೀನ್ ಮಾಡುವ ಜೀನ್‌ಗಳೇ ಸುಮಾರು 20,000. ಯಾವ ಜೀನ್ ಕತ್ತರಿಸಬೇಕೆಂದು ತೋರಿಸುವ ಗೈಡ್ ಆರ್‌ಎನ್‌ಎ ಒಂದೊಂದು ಕೋಶಕ್ಕೆ ಒಂದೊಂದು ಹೋಗುವಂತೆ ಮಾಡುತ್ತಾರೆ. ಎಕ್ಸಾನ್ ಉಳಿದರೆ ಕೆಂಪು, ಬಿಟ್ಟುಹೋದರೆ ಹಸಿರು ಹೊಳೆಯುವ ಒಂದು ಜೀನನ್ನೂ ಮೊದಲೇ ಸೇರಿಸಿರುತ್ತಾರೆ. ಕೊಯ್ದ ಕಾಫಿಯಲ್ಲಿ ಹಣ್ಣು, ಕಾಯಿ ಆರಿಸುವ ಹಾಗೆ, ಬಣ್ಣ ನೋಡಿ ಯಂತ್ರ ಕೋಶಗಳನ್ನು ಬೇರೆ ಮಾಡುತ್ತದೆ. ಹಸಿರು ಗುಂಪಿನಲ್ಲಿ ಯಾವ ಗೈಡ್ ಜಾಸ್ತಿ ಇದೆ ಎಂದು ಸೀಕ್ವೆನ್ಸ್ ಮಾಡಿ, ಅಂದರೆ ಅಕ್ಷರ ಓದಿ ನೋಡಿದರೆ ಆ ಜೀನ್ ಸಿಗುತ್ತದೆ. ಕೆಡಿಸಿದರೆ ಕೋಶವೇ ಸಾಯುವಂಥ ಜೀನ್‌ಗಳಿಗೆ ಕ್ರಿಸ್ಪರ್‌ನ ಕತ್ತರಿ ಪ್ರೋಟೀನಾದ ಕ್ಯಾಸ್9ರ ಕತ್ತರಿಸದ ರೂಪ ಬಳಸಿ, ಜೀನನ್ನು ಪೂರ್ತಿ ನಿಲ್ಲಿಸದೆ ತಗ್ಗಿಸುತ್ತಾರೆ.

ಆದರೆ ಬರೀ ಬಣ್ಣ ನಂಬಬೇಡ. ಪ್ರೋಟೀನ್ ಬೇಗ ಒಡೆದುಹೋದರೂ ಬಣ್ಣ ಬದಲಾಗುತ್ತದೆ. ಆರ್‌ಎನ್‌ಎಯನ್ನೇ ತೆಗೆದು ನೋಡಲೇಬೇಕು.

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬಿನಲ್ಲಿ ಏನಾದರೂ ಮಾಡಬಹುದಾ ಮೇಡಂ?

ಉತ್ತರ: ಖಂಡಿತ. ಹೊಸ ಮ್ಯುಟೆಂಟ್ (ಜೀನ್ ಕೆಟ್ಟ ಯೀಸ್ಟ್) ಮಾಡಲು ಹೋಗಬೇಡಿ, ಅದಕ್ಕೆ ಬಳಸುವ ರಾಸಾಯನಿಕ ಅಪಾಯದ್ದು. ಯೀಸ್ಟ್ ಲ್ಯಾಬ್ ಒಂದಕ್ಕೆ ನಿಮ್ಮ ಮೇಷ್ಟ್ರಿಂದ ಪತ್ರ ಬರೆಸಿ, ಪಿಆರ್‌ಪಿ2 ಮ್ಯುಟೆಂಟ್ ಕೇಳಿ. ಜೊತೆಗೆ ಮಾಮೂಲಿ ಯೀಸ್ಟ್ ಕೂಡ ಬೇಕು. ಎರಡನ್ನೂ ತಂಪಿನಲ್ಲಿ ಬೆಳೆಸಿ, ಅರ್ಧ ಭಾಗವನ್ನು 36 ಡಿಗ್ರಿಗೆ ಹಾಕಿ. ನಮ್ಮ ಮಳೆಗಾಲದ ಚಳಿಗೆ ಬೆಳೆಯುವುದು ನಿಧಾನ, ಕಾಯಿರಿ. ಆಮೇಲೆ ಆಕ್ಟಿನ್ ಜೀನ್‌ಗೆ ಆರ್‌ಟಿ-ಪಿಸಿಆರ್ ಮಾಡಿ, ಅಂದರೆ ಅದರ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡಿ ಹೆಚ್ಚಿಸಿ. ಅದರ ಇಂಟ್ರಾನ್ ಸುಮಾರು 300 ಅಕ್ಷರದ್ದು, ಉಳಿದುಕೊಂಡರೆ ಜೆಲ್‌ನಲ್ಲಿ ಉದ್ದದ ಬ್ಯಾಂಡ್ ಕಾಣುತ್ತದೆ. ಡಿಎನ್‌ಎ ಬೆರೆತಿದ್ದರೂ ಅದೇ ಬ್ಯಾಂಡ್ ಬರುತ್ತದೆ. ಹಾಗಾಗಿ ಮೊದಲೇ ಡಿಎನ್‌ಎ ಒಡೆಯುವ ಕಿಣ್ವ ಡಿಎನ್‌ಏಸ್ ಹಾಕುವುದನ್ನು ಮರೆಯಬೇಡಿ.