ಹಾಸನದಿಂದ ಬರ್ಲಿನ್‌ಗೆ: ಮೊದಲು ಮಾಡಬೇಕಾದುದೇನು?

ಪ್ರಶ್ನೆ (ಹಾಸನ): ಉದ್ಯೋಗದ ನಿಮಿತ್ತ ಪತ್ನಿ ಹಾಗೂ ನಾಲ್ಕು ವರ್ಷದ ಮಗಳೊಂದಿಗೆ ಬರ್ಲಿನ್‌ಗೆ ತೆರಳುತ್ತಿದ್ದೇನೆ. ಅಲ್ಲಿ ಮೊದಲು ಯಾವ ಕೆಲಸ ಮುಗಿಸಿಕೊಳ್ಳಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮನೆಗೆ ಹೋದ 14 ದಿನಗಳೊಳಗೆ ವಿಳಾಸ ನೋಂದಾಯಿಸುವುದು, ಅಂದರೆ ಅಲ್ಲಿನವರು ‘ಆನ್‌ಮೆಲ್ಡುಂಗ್’ ಎನ್ನುವ ಕ್ರಮ, ಕಡ್ಡಾಯ. ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕಾಗುವುದರಿಂದ, ತಾತ್ಕಾಲಿಕ ಮನೆ ಹಿಡಿಯುವಾಗಲೇ ಆ ಪತ್ರ ಕೊಡುತ್ತಾರೆಯೇ ಎಂದು ಕೇಳಿಕೊಳ್ಳಿ. ನಾನು ಕೇಳದೆ ಎರಡು ತಿಂಗಳು ಪರದಾಡಿದೆ. ನಿಮಗೆ ಹಾಗಾಗುವುದು ಬೇಡ.

ಉತ್ತರ 2: ಜಾಹೀರಾತಿನಲ್ಲಿ ಕಾಣುವ ‘ಕಾಲ್ಟ್‌ಮೀಟೆ’ ಬರಿಯ ಬಾಡಿಗೆ, ಮನೆ ಬೆಚ್ಚಗಿಡುವ ಖರ್ಚು ಅದರಲ್ಲಿ ಸೇರಿರುವುದಿಲ್ಲ. ಮುಂಗಡ ಠೇವಣಿ ಈ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ. ಮನೆ ನೋಡದೆ ಹಣ ಕಳುಹಿಸಲೇಬೇಡಿ.

ಉತ್ತರ 3 (ಚಿಕ್ಕಮಗಳೂರು): ಮಗಳನ್ನು ‘ಕೀಟಾ’ ಶಿಶುವಿಹಾರಕ್ಕೆ ಸೇರಿಸಬಹುದು. ಬರ್ಲಿನ್‌ನಲ್ಲಿ 2018ರಿಂದ ಅದಕ್ಕೆ ಶುಲ್ಕವಿಲ್ಲ, ಊಟದ ಹಣ ಕೊಡಬೇಕು.