ಮಗಳನ್ನು ಜರ್ಮನಿಗೆ ಓದಲು ಕಳುಹಿಸುವುದೋ ಬೇಡವೋ? ಅನುಭವಸ್ಥರು ತಿಳಿಸಿ

ದಾವಣಗೆರೆಯ ತಂದೆ

ನಮಸ್ಕಾರ. ಮಗಳು ಮೆಕ್ಯಾನಿಕಲ್ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಆರು ವರ್ಷದಿಂದ ಕೆಲಸದಲ್ಲಿದ್ದಾಳೆ. ಬರುವ ಜನವರಿಗೆ 30 ತುಂಬುತ್ತದೆ. ಪೂರ್ವ ಜರ್ಮನಿಯ ಸಣ್ಣ ಊರೊಂದರ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ಅಕ್ಟೋಬರಿಗೆ ಹೊರಡಬೇಕು. ಒಟ್ಟು 15 ಲಕ್ಷ ಬೇಕಾಗುತ್ತದೆ ಎನ್ನುತ್ತಾಳೆ. ಮನೆ ನನ್ನ ಮತ್ತು ತಮ್ಮನ ಜಂಟಿ ಹೆಸರಿನಲ್ಲಿದೆ. ನನ್ನ ಪ್ರಶ್ನೆ ಎರಡೇ. ಅವಳ ವಯಸ್ಸಿನಿಂದ ಅಲ್ಲಿ ತೊಡಕೇನಾದರೂ ಇದೆಯೇ? ಮನೆಯನ್ನು ಅಡವಿಡುವುದು ಸರಿಯೇ?

ಕೆಮ್ನಿಟ್ಸ್ ಹಳಬ

ಕಳುಹಿಸಿ ಸರ್, ಇದರಲ್ಲಿ ಯೋಚಿಸುವುದೇನಿದೆ? ನಾನು 2018ರಲ್ಲಿ ಬಂದಾಗ ಬ್ಲಾಕ್ಡ್ ಅಕೌಂಟಿಗೆ (ವೀಸಾಕ್ಕಾಗಿ ವರ್ಷದ ಖರ್ಚನ್ನು ಮುಂಗಡ ಇಟ್ಟು ತಿಂಗಳಿಗಿಷ್ಟು ಎಂದು ತೆಗೆಯುವ ಖಾತೆ) 8,640 ಯೂರೋ ಇಡಬೇಕಿತ್ತು, ತಿಂಗಳಿಗೆ 720 ಕೈಗೆ ಬರುತ್ತಿತ್ತು. ಹಾಸ್ಟೆಲ್ ಬಾಡಿಗೆ 215, ವಿಮೆ ಸುಮಾರು 90, ಉಳಿದದ್ದರಲ್ಲಿ ಹೊಟ್ಟೆಬಟ್ಟೆ. ಮೊದಲ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುವುದನ್ನು ಕಂಡು ಮಂಕು ಕವಿದಂತಾಗಿತ್ತು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಬೇಕರಿಯೊಂದರಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ತಟ್ಟೆ ತೊಳೆಯಲು ಸೇರಿದೆ. ಗಂಟೆಗೆ 8.84 ಯೂರೋ, ಆಗಿನ ಕನಿಷ್ಠ ಕೂಲಿ. ಬೇಕರಿಯ ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಜರ್ಮನ್ ಬಾರದು. ಒಂದೊಂದು ಪಾತ್ರೆಯನ್ನೂ ಎತ್ತಿ ಹಿಡಿದು ಅದರ ಹೆಸರು ಹೇಳುತ್ತಿದ್ದರು, ನಾನು ತಿರುಗಿ ಸರಿಯಾಗಿ ಹೇಳುವವರೆಗೆ ಕೈಗೆ ಕೊಡುತ್ತಿರಲಿಲ್ಲ. ಎರಡು ವರ್ಷಕ್ಕೆ ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆ ಪಾಸಾದೆ. ಈಗ ವಾಹನ ಬಿಡಿಭಾಗಗಳ ಕಂಪನಿಯಲ್ಲಿ ಕಾಯಂ ನೌಕರಿ. ಊರಿನ ಸಾಲ ಮೂರೇ ವರ್ಷದಲ್ಲಿ ತೀರಿತು. ಮೈಮುರಿದು ದುಡಿಯುವವರಿಗೆ ಇಲ್ಲಿ ಸೋಲಿಲ್ಲ.

ಹಾಸನಕ್ಕೆ ಮರಳಿದವನು

ದುಡಿಯುವವರಿಗೆ ಸೋಲಿಲ್ಲವಂತೆ. ಸ್ವಾಮಿ, ನಾನೂ ದುಡಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಪಾರ್ಸೆಲ್ ಗೋದಾಮಿನಲ್ಲಿ ಪೆಟ್ಟಿಗೆ ವಿಂಗಡಿಸಿ, ಅದೇ ಬೂಟಿನಲ್ಲಿ ಎಂಟು ಗಂಟೆಯ ತರಗತಿಗೆ ಹೋಗಿ ನಿದ್ದೆ ಮಾಡಿದೆ. 2022ರ ಅಕ್ಟೋಬರಿನಲ್ಲಿ ಹೋದವನು ನಾನು. ಬ್ಲಾಕ್ಡ್ ಅಕೌಂಟ್ 10,332 ಯೂರೋ, ತಿಂಗಳಿಗೆ 861. ಬಾಡಿಗೆ 430. ಅದು ಉಕ್ರೇನ್ ಯುದ್ಧದ ವರ್ಷ, ಗ್ಯಾಸಿನ ಬೆಲೆ ನೆತ್ತಿಗೇರಿತ್ತು. ವರ್ಷದ ಕೊನೆಗೆ ಮನೆ ಬೆಚ್ಚಗಿಡುವ ಖರ್ಚಿನ ಬಾಕಿ ಎಂದು ಇನ್ನೂ 386 ಯೂರೋ ಬಿಲ್ಲು ಬಂತು. ಮನೆಯೊಳಗೆ ಎರಡು ಸ್ವೆಟರ್ ಹಾಕಿಕೊಂಡು ಕೂತವನಿಗೆ!

ಠೇವಣಿಯ ಕಥೆ ಕೇಳಿ. ಮೂರು ತಿಂಗಳ ಮೂಲ ಬಾಡಿಗೆಯೆಂದು 1,050 ಕೊಟ್ಟಿದ್ದೆ. ಬಿಡುವಾಗ ಕೈಗೆ ಬಂದದ್ದು 640. ಅಡುಗೆಮನೆಯ ಗೋಡೆಗೆ ಒಗ್ಗರಣೆಯ ಹೊಗೆ ಹಿಡಿದಿದೆ ಎಂದು ಬಣ್ಣಕ್ಕೆ 240, ಓವನ್ ಸ್ವಚ್ಛ ಮಾಡಲು 85, ಅಂಚೆ ಪೆಟ್ಟಿಗೆಯ ಬೀಗದ ಕೈ ಕಳೆದದ್ದಕ್ಕೆ 85. ಒಂದು ಬೀಗದ ಕೈಗೆ! ಆ ಓವನ್ನನ್ನು ನಾನು ಎರಡು ವರ್ಷದಲ್ಲಿ ಒಮ್ಮೆಯೂ ಹಚ್ಚಿರಲಿಲ್ಲ. ಹಿಂದಿನ ಬಾಡಿಗೆದಾರನ ಚೀಸ್ ಅದರೊಳಗೆ ಕಲ್ಲಾಗಿ ಕೂತಿತ್ತು. ಒಳಹೊಕ್ಕ ದಿನ ಫೋಟೋ ತೆಗೆದಿಟ್ಟುಕೊಳ್ಳಲಿಲ್ಲ, ಅದೇ ನನ್ನ ತಪ್ಪು.

ಕೊನೆಗೆ ಒಂದು ವಿಷಯದಲ್ಲಿ ಮೂರನೆಯ ಸಲವೂ ನಪಾಸಾದೆ. ಮೂರು ಮುಗಿದರೆ ಹೆಸರು ಹೊಡೆದುಹಾಕುತ್ತಾರೆ. ಅದೇ ಕೋರ್ಸನ್ನು ಆ ದೇಶದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಓದುತ್ತೇನೆಂದರೂ ಸೇರಿಸುವುದಿಲ್ಲ. ಇಲ್ಲಿ ಬ್ಯಾಕ್‌ಲಾಗ್ ಎಂದು ಏಳು ಸೆಮಿಸ್ಟರ್ ಎಳೆಯುತ್ತೇವಲ್ಲ, ಆ ಸೌಭಾಗ್ಯ ಅಲ್ಲಿಲ್ಲ. 14 ಲಕ್ಷದ ಸಾಲ ಬಡ್ಡಿ ಸೇರಿ 17 ಆಗಿದೆ. ತಿಂಗಳಿಗೆ 22,900 ಕಂತು, ಹತ್ತು ವರ್ಷ. ಅಪ್ಪ ಇಟ್ಟ ಅಡಮಾನ ಇನ್ನೂ ಬ್ಯಾಂಕಿನಲ್ಲೇ ಇದೆ.

ಕೆಮ್ನಿಟ್ಸ್ ಹಳಬ

ಮೂರು ಸಲ ನಪಾಸಾದದ್ದಕ್ಕೆ ಜರ್ಮನಿಯನ್ನು ಬೈದರೆ ಏನು ಬಂತು? ಓದಲು ಹೋದವರು ಗೋದಾಮಿನಲ್ಲಿ ಯಾಕಿದ್ದಿರಿ?

ಹಾಸನಕ್ಕೆ ಮರಳಿದವನು

ತಟ್ಟೆ ತೊಳೆದದ್ದು ತಪಸ್ಸು, ಪೆಟ್ಟಿಗೆ ಎತ್ತಿದ್ದು ತಪ್ಪು, ಅಲ್ಲವೇ? ನೀವು ಬಂದಾಗ ಯೂರೋ 80 ರೂಪಾಯಿ, ಬಾಡಿಗೆ 215. ಈಗ ಯೂರೋ ನೂರರ ಸುತ್ತ ಇದೆ, ಬ್ಲಾಕ್ಡ್ ಅಕೌಂಟು 11,904 ಯೂರೋ. ಅದೊಂದಕ್ಕೇ ಹನ್ನೆರಡು ಲಕ್ಷ. ನಿಮ್ಮ ಕಾಲದ ಲೆಕ್ಕವನ್ನು ಈಗಿನವರ ತಲೆಗೆ ಕಟ್ಟಬೇಡಿ.

ಮೈಸೂರಿನ ಅಮ್ಮ

ಜಗಳ ಆಮೇಲೆ ಮಾಡಿಕೊಳ್ಳಿ. ನಮ್ಮ ಮಗ ಸ್ಟುಟ್‌ಗಾರ್ಟ್‌ನಲ್ಲಿ ಓದಿದ. ಸರ್ಕಾರಿ ಎಂದರೆ ಪುಕ್ಕಟೆ ಎಂದು ಎಲ್ಲರೂ ಹೇಳಿದ್ದರು. ಆದರೆ ಆ ಊರಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ, 2017ರಿಂದಲೇ ಇದೆ. ನಮಗೆ ಗೊತ್ತಾದದ್ದು ಸೀಟು ಒಪ್ಪಿಕೊಂಡ ಮೇಲೆ. ನಾಲ್ಕು ಸೆಮಿಸ್ಟರ್ ಅಂದುಕೊಂಡಿದ್ದು ಪ್ರಬಂಧ ತಡವಾಗಿ ಐದಾಯಿತು, 7,500 ಯೂರೋ ಕೈಬಿಟ್ಟಿತು.

ಅದೂ ಹೋಗಲಿ. ಮೊದಲ ಸಲ ಹೋಗುವಾಗ ಮನೆಯಲ್ಲೇ ಬೆಣ್ಣೆ ಕಾಯಿಸಿ ಎರಡು ಸೀಸೆ ತುಪ್ಪ, ಒಂದು ಕಿಲೋ ಧಾರವಾಡ ಪೇಡ ಕಟ್ಟಿದ್ದೆ. ಸೀಸೆಯ ಬಾಯಿಗೆ ಮೇಣ ಸುರಿದು, ಹಳೆಯ ಪಂಚೆಯಲ್ಲಿ ಸುತ್ತಿ, ಅವನ ಚಳಿಯ ಕೋಟಿನ ತೋಳಿನೊಳಗೆ ತೂರಿಸಿದ್ದೆ. ಇಳಿದ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿ ಎರಡನ್ನೂ ಕಿತ್ತುಕೊಂಡರು. ಹಾಲಿನ ಪದಾರ್ಥ, ಮಾಂಸ ಎರಡೂ ಹೊರಗಿನಿಂದ ತರುವಂತಿಲ್ಲವಂತೆ. ಮಗನ ಕಣ್ಣೆದುರೇ ಕಸದ ಡಬ್ಬಕ್ಕೆ ಹಾಕಿದರಂತೆ. ಸಾರಿನ ಪುಡಿಯನ್ನು ಮಾತ್ರ ಮೂಸಿ ನೋಡಿ ಬಿಟ್ಟರು. ಯಾರೂ ತುಪ್ಪ ಕಳುಹಿಸಬೇಡಿ.

ಬರ್ಲಿನ್ ವಾಸಿ

ಅಮ್ಮಾ, ನಾನು ಮೂರು ಸಲ ತುಪ್ಪ ತಂದಿದ್ದೇನೆ, ಯಾರೂ ಕೇಳಲಿಲ್ಲ. ಪ್ರಶ್ನೆ ಕೇಳಿದವರಿಗೆ: ಸರ್ಕಾರಿ ವಿಶ್ವವಿದ್ಯಾಲಯವೊಂದೇ ದಾರಿ ಎಂದುಕೊಳ್ಳಬೇಡಿ. ನಾನು ಖಾಸಗಿಯಲ್ಲಿ ಓದಿದೆ, ಒಟ್ಟು ಶುಲ್ಕ 14,000 ಯೂರೋ. ಓದು ಪೂರ್ತಿ ಇಂಗ್ಲಿಷಿನಲ್ಲಿ, ಮೂರು ಸಲದ ಕತ್ತಿಯೂ ತಲೆಯ ಮೇಲೆ ಅಷ್ಟಾಗಿ ತೂಗಲಿಲ್ಲ. ಕಷ್ಟವಾದದ್ದು ಮನೆ. 14 ತಿಂಗಳಲ್ಲಿ ಏಳು ಮನೆ. ಅರ್ಧದಷ್ಟು ಮಾಲೀಕರು ಆ ವಿಳಾಸದಲ್ಲಿ ಹೆಸರು ನೋಂದಾಯಿಸಲು ಬಿಡಲಿಲ್ಲ. ಆನ್‌ಮೆಲ್ಡುಂಗ್ ಎನ್ನುವ ಈ ನೋಂದಣಿ ಇಲ್ಲದಿದ್ದರೆ ತೆರಿಗೆ ಸಂಖ್ಯೆ ಇಲ್ಲ, ವಾಸದ ಪರವಾನಗಿಯ ಕೆಲಸವೂ ಮುಂದೆ ಸಾಗುವುದಿಲ್ಲ. ಒಂದು ಮನೆಯಲ್ಲಿ ನನ್ನ ಹೆಸರಿನ ಚೀಟಿಯನ್ನು ಕರೆಗಂಟೆಗೆ ಅಂಟಿಸಿದರೆ ಮರುದಿನ ಕಿತ್ತಿರುತ್ತಿತ್ತು. ಅಂಚೆಯವನು ಹೆಸರಿಲ್ಲದ ಬಾಗಿಲಿಗೆ ಪತ್ರ ಹಾಕುವುದಿಲ್ಲ. ಬ್ಯಾಂಕ್ ಕಾರ್ಡು ಎರಡು ಸಲ ವಾಪಸು ಹೋಯಿತು.

ಕೆಮ್ನಿಟ್ಸ್ ಹಳಬ

14,000 ಸುರಿದು ಸೀಟು ಕೊಂಡವರು ಸಲಹೆ ಬೇರೆ ಕೊಡುತ್ತಾರೆ. ಕಳುಹಿಸಿದ್ದು ಯಾವುದೋ ಕನ್ಸಲ್ಟೆನ್ಸಿ ತಾನೇ? ನಿಮ್ಮಿಂದ ಒಂದು ಪೈಸೆಯನ್ನೂ ತೆಗೆದುಕೊಂಡಿರುವುದಿಲ್ಲ. ಯಾಕೆಂದು ಯೋಚಿಸಿದಿರಾ? ಕಮಿಷನ್ ಕೊಡುವವರು ಅತ್ತ ಇದ್ದಾರೆ.

ಬರ್ಲಿನ್ ವಾಸಿ

ನೀವು ಬಿ.ಇ. ಓದಿದ್ದು ಸಿಇಟಿಯಲ್ಲೋ, ಮ್ಯಾನೇಜ್‌ಮೆಂಟ್ ಸೀಟಿನಲ್ಲೋ ಮೊದಲು ಹೇಳಿ. ಅಪ್ಪ ದುಡ್ಡು ಕೊಟ್ಟು ಓದಿಸಿದವರಿಗೆಲ್ಲ ಜರ್ಮನಿಗೆ ಬಂದ ಕೂಡಲೇ ಮೆರಿಟ್ ನೆನಪಾಗುತ್ತದೆ.

ಕೆಮ್ನಿಟ್ಸ್ ಹಳಬ

ಕಾಮೆಡ್-ಕೆ. ಅದು ಮ್ಯಾನೇಜ್‌ಮೆಂಟ್ ಸೀಟಲ್ಲ.

ಬರ್ಲಿನ್ ವಾಸಿ

ಅಂದುಕೊಂಡೆ.

ಹೋಗದೆ ಉಳಿದವಳು

2023ರಲ್ಲಿ ನನಗೂ ಸೀಟು ಬಂದಿತ್ತು. ಅದರ ಕಡತ ಇಂದಿಗೂ ಬೀರುವಿನಲ್ಲಿದೆ. ಅಂಕಪಟ್ಟಿ ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಹದಿನಾರು ಸಾವಿರದ ಮೇಲೆ. ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಆರು ಕಡೆ ಅರ್ಜಿ: ಮೊದಲನೆಯದಕ್ಕೆ 75 ಯೂರೋ, ಆಮೇಲಿನ ಐದಕ್ಕೆ ತಲಾ 30. ಆರರಲ್ಲಿ ಸಿಕ್ಕಿದ್ದು ಒಂದು. ವೀಸಾ ದಿನಾಂಕಕ್ಕೆ ಒಂಬತ್ತು ದಿನ ಇರುವಾಗ ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕಾಯಿತು. ಹೋಗಲಿಲ್ಲ. ಇಲ್ಲೇ ಎಂ.ಟೆಕ್. ಮುಗಿಸಿದೆ, ಕೆಲಸವೂ ಇದೆ, ಭಾನುವಾರ ಅಮ್ಮನ ಕೈಯಡುಗೆಯೂ ಇದೆ. ಹೋದವರೆಲ್ಲ ಮೊದಲ ವರ್ಷ ಹಿಮದ ಚಿತ್ರ ಹಾಕುತ್ತಾರೆ, ಎರಡನೆಯ ವರ್ಷ ಸುಮ್ಮನಾಗುತ್ತಾರೆ.

ಬರ್ಲಿನ್ ವಾಸಿ

ಹೋಗದವರು ಅನುಭವ ಬರೆಯುವುದು ಹೊಸ ಪದ್ಧತಿ.

ಹೋಗದೆ ಉಳಿದವಳು

ಐವತ್ತು ಸಾವಿರಕ್ಕೂ ಹೆಚ್ಚು ಕಳೆದುಕೊಂಡದ್ದು ಅನುಭವವಲ್ಲದೆ ಮತ್ತೇನು?

ದಾವಣಗೆರೆಯ ತಂದೆ

ಎಲ್ಲರಿಗೂ ಧನ್ಯವಾದ. ತುಪ್ಪ ಕಳುಹಿಸುವುದಿಲ್ಲ. ಆದರೆ ನಾನು ಕೇಳಿದ್ದು ವಯಸ್ಸಿನ ಬಗ್ಗೆ ಮತ್ತು ಮನೆಯ ಬಗ್ಗೆ.

ಮಾಗ್ಡೆಬುರ್ಗ್ ಸಂಶೋಧಕಿ

ಸರ್, ಸೀಟಿಗೆ ವಯಸ್ಸು ಅಡ್ಡಿಯಲ್ಲ. ಪೆಟ್ಟು ಬೀಳುವುದು ವಿಮೆಯಲ್ಲಿ. ಸರ್ಕಾರಿ ಆರೋಗ್ಯ ವಿಮೆಯ ವಿದ್ಯಾರ್ಥಿ ದರ ಈಗ ತಿಂಗಳಿಗೆ 140ರಿಂದ 150 ಯೂರೋ. ಅದು ಸಿಗುವುದು 30 ತುಂಬುವ ಸೆಮಿಸ್ಟರಿನ ಕೊನೆಯವರೆಗೆ ಮಾತ್ರ. ನಿಮ್ಮ ಮಗಳಿಗೆ ಜನವರಿಯಲ್ಲಿ ತುಂಬುತ್ತದೆ, ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಮುಗಿಯುತ್ತದೆ. ಏಪ್ರಿಲಿನಿಂದ ಅದೇ ವಿಮೆಯಲ್ಲಿ ಸ್ವಇಚ್ಛೆಯ ಸದಸ್ಯಳಾಗಿ ಮುಂದುವರಿದರೆ 250 ಯೂರೋ ದಾಟುತ್ತದೆ. ಹೋದ ಕೂಡಲೇ ಸರ್ಕಾರಿ ವಿಮೆಗೇ ಸೇರಲಿ. ಅಗ್ಗವೆಂದು ಆರಂಭದಲ್ಲೇ ಖಾಸಗಿ ವಿಮೆ ಹಿಡಿದರೆ ಆಮೇಲೆ ಓದು ಮುಗಿಯುವವರೆಗೆ ಇತ್ತ ಬರುವುದು ಬಹಳ ಕಷ್ಟ. ನನಗೂ 31 ಆಗಿತ್ತು, ಹೇಳುವವರು ಯಾರೂ ಇರಲಿಲ್ಲ. ಖಾಸಗಿಯವರು ನನ್ನ ಹಲ್ಲಿನ ಬಿಲ್ಲನ್ನು, 612 ಯೂರೋ, ಹಳೆಯ ತೊಂದರೆ ಎಂದು ತಳ್ಳಿಹಾಕಿದರು. ಆ ಹಲ್ಲನ್ನು ರಜೆಗೆ ಊರಿಗೆ ಬಂದಾಗ ಶಿರಸಿಯಲ್ಲಿ ಕೀಳಿಸಿದೆ.

ನಿವೃತ್ತ ಬ್ಯಾಂಕ್ ನೌಕರ

ಜಂಟಿ ಖಾತೆಯ ಮನೆಯೆಂದರೆ ತಮ್ಮನವರೂ ಬ್ಯಾಂಕಿಗೆ ಬಂದು ಸಹಿ ಹಾಕಬೇಕು. ನಾಳೆ ಕಂತು ನಿಂತರೆ ಅವರ ಪಾಲಿಗೂ ಕುತ್ತು. ನಿಮ್ಮೊಬ್ಬರ ಒಪ್ಪಿಗೆಯಿಂದ ಏನೂ ನಡೆಯುವುದಿಲ್ಲ. ಋಣಭಾರ ಪತ್ರ, ಮೂಲ ಕ್ರಯಪತ್ರ, ತೆರಿಗೆ ರಸೀದಿ, ವಕೀಲರ ಅಭಿಪ್ರಾಯ ಎಲ್ಲ ಬೇಕು. ನನ್ನ ಮಗನ ಸಾಲಕ್ಕೆ ನಾನು ಕೆಲಸ ಮಾಡಿದ ಬ್ಯಾಂಕಿನಲ್ಲೇ ಐದು ವಾರ ಅಲೆದಿದ್ದೇನೆ. ನಾನೇ ಬೆನ್ನುತಟ್ಟಿ ಬೆಳೆಸಿದ ಹುಡುಗ ಎದುರು ಕೂತು ಇನ್ನೊಂದು ಝೆರಾಕ್ಸ್ ಕೇಳಿದ. ಮಗಳ ಉಳಿತಾಯ ಎಷ್ಟಿದೆ?

ದಾವಣಗೆರೆಯ ತಂದೆ

ಪಿ.ಎಫ್. ಸೇರಿ ಎಂಟು ಲಕ್ಷ. ಮೊದಲೇ ಬರೆಯಬೇಕಿತ್ತೇನೋ.

ನಿವೃತ್ತ ಬ್ಯಾಂಕ್ ನೌಕರ

ಬರೆಯಬೇಕಿತ್ತು! ಹಾಗಾದರೆ ಕೇಳಬೇಕಾದ ಸಾಲ ಏಳು ಲಕ್ಷ. ಏಳೂವರೆ ಲಕ್ಷದವರೆಗೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ, ನೀವು ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕು. ವಿಮೆಯ ಹೆಚ್ಚುವರಿ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಬ್ಯಾಂಕಿಗೆ ಹೋಗಿ.

ದಾವಣಗೆರೆಯ ತಂದೆ

ತಡವಾಯಿತು ಸರ್. ನಿನ್ನೆ ರಾತ್ರಿಯೇ ತಮ್ಮನಿಗೆ ಈ ಬರಹಗಳನ್ನೆಲ್ಲ ಓದಲು ಕೊಟ್ಟೆ. ಹಾಸನದವರದ್ದನ್ನು ಎರಡು ಸಲ ಓದಿ ಸಹಿ ಹಾಕುವುದಿಲ್ಲ ಎಂದುಬಿಟ್ಟ. ಈಗ ಅವನ ಸಹಿಯೇ ಬೇಡ ಎಂದರೆ ಅದಕ್ಕೂ ಮುನಿಸಿಕೊಂಡಿದ್ದಾನೆ. ಮಗಳು ಮಾತ್ರ ಸೋಮವಾರ ಬ್ಯಾಂಕಿಗೆ ಹೋಗೋಣ ಎನ್ನುತ್ತಿದ್ದಾಳೆ.

ಕೆಮ್ನಿಟ್ಸ್ ಹಳಬ

ನೋಡಿದಿರಾ ಹಾಸನದವರೇ, ಒಂದು ಮನೆಯಲ್ಲಿ ಬೆಂಕಿ ಹಚ್ಚಿದಿರಿ.

ಹಾಸನಕ್ಕೆ ಮರಳಿದವನು

ನಾನು ಬರೆದ ಅಂಕಿಗಳಲ್ಲಿ ಒಂದಾದರೂ ಸುಳ್ಳಿದ್ದರೆ ತೋರಿಸಿ. ಸರ್, ಹುಡುಗಿ ಹೋಗಲಿ, ನಾನು ಬೇಡವೆಂದು ಎಲ್ಲಿಯೂ ಬರೆದಿಲ್ಲ. ಮನೆಯೊಳಗೆ ಕಾಲಿಡುವ ಮೊದಲು ಓವನಿನ ಫೋಟೋ ತೆಗೆದುಕೊಳ್ಳಲು ಹೇಳಿ. ಬಾಗಿಲು ತೆರೆದು, ಒಳಗಿನದ್ದು.

ಮೈಸೂರಿನ ಅಮ್ಮ

ಬರ್ಲಿನ್‌ನವರೇ, ಮೂರು ಸಲ ತುಪ್ಪ ತಂದೆ ಎಂದಿರಲ್ಲ, ಪೆಟ್ಟಿಗೆಯಲ್ಲೋ ಕೈಚೀಲದಲ್ಲೋ?